ನರ್ಸಿಂಗ್‌ಗೂ ಮುಂಚಿನ ಓದು: ಬುನಾದಿಯೋ, ಜರಡಿಯೋ?

ಅಮೆರಿಕದಲ್ಲಿ ಮೂವತ್ತೈದೋ ನಲವತ್ತೋ ದಾಟಿದ ಮೇಲೆ ಹಳೆಯ ಕೆಲಸ ಬಿಟ್ಟು ನರ್ಸ್ ಆಗಲು ಹೊರಟವರು ನರ್ಸಿಂಗ್ ಶಾಲೆಯೊಳಗೆ ಕಾಲಿಡುವ ಮೊದಲೇ ಒಂದು ಸುತ್ತು ಓದಿ ಮುಗಿಸಬೇಕು. ಅಂಗರಚನೆ ಮತ್ತು ಶರೀರಕ್ರಿಯಾ ಶಾಸ್ತ್ರದ ಎರಡು ಭಾಗ, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರ, ಹುಟ್ಟಿನಿಂದ ಮುಪ್ಪಿನವರೆಗಿನ ಬೆಳವಣಿಗೆಯ ಪಾಠ, ಇಂಗ್ಲಿಷ್ ಬರವಣಿಗೆ, ಕೆಲವು ಕಡೆ ಪೋಷಣಶಾಸ್ತ್ರವೂ ಸೇರಿ ಪಟ್ಟಿ ಬೆಳೆಯುತ್ತದೆ. ಇವಕ್ಕೆ ಪೂರ್ವಭಾವಿ ಕೋರ್ಸುಗಳು ಎನ್ನೋಣ. ಅಲ್ಲಿನ ನಮ್ಮವರ ಬಾಯಲ್ಲಿ ಇವು ‘ಪ್ರೀರೆಕ್’. ಇಷ್ಟನ್ನೂ ಒಳ್ಳೆಯ ಅಂಕಗಳೊಂದಿಗೆ ಮುಗಿಸಿದ ಮೇಲೂ ಸೀಟು ಸಿಗುವ ಖಾತ್ರಿ ಇಲ್ಲ.

ಹದಿನೆಂಟರ ಹುಡುಗಿಗೆ ಇದು ಕಾಲೇಜಿನ ಮೊದಲ ಎರಡು ವರ್ಷ, ಅಷ್ಟೆ. ಮನೆ ಸಾಲದ ಕಂತು, ಮಕ್ಕಳ ಶಾಲೆ, ಹಗಲಿನ ಕೆಲಸ, ವಯಸ್ಸಾದ ಅಪ್ಪ ಅಮ್ಮ ಇವೆಲ್ಲ ಹೆಗಲ ಮೇಲಿರುವವರಿಗೆ ಅದೇ ಓದು ಮೂರು ವರ್ಷಕ್ಕೂ ಎಳೆಯಬಹುದು. ಹಾಗಾಗಿ ಪ್ರಶ್ನೆಗಳು ಏಳುತ್ತವೆ. ಈ ಕೋರ್ಸುಗಳು ನಿಜಕ್ಕೂ ಯಾವ ಕೆಲಸಕ್ಕಾಗಿ ಇವೆ? ಪ್ರಾಯದವರಿಗೂ ವಯಸ್ಕರಿಗೂ ಒಂದೇ ನಿಯಮ ಸರಿಯೇ? ಇವನ್ನು ನಿಭಾಯಿಸುವ ಒಳ್ಳೆಯ ದಾರಿ ಯಾವುದು? ನೂರು ವರ್ಷಗಳಿಂದ ಈ ವಾದ ಬೇರೆ ಬೇರೆ ರೂಪದಲ್ಲಿ ನಡೆಯುತ್ತಲೇ ಇದೆ.

ವಾರ್ಡಿನಿಂದ ಕಾಲೇಜಿಗೆ

ಅಮೆರಿಕದಲ್ಲಿ ನರ್ಸಿಂಗ್ ತರಬೇತಿ ಶಾಲೆಗಳು ಕಣ್ಣು ಬಿಟ್ಟದ್ದು 1870ರ ದಶಕದಲ್ಲಿ. ಅಲ್ಲಿ ತರಬೇತಿ ಪಡೆದ ಮೊದಲ ನರ್ಸ್ ಎಂದು ಹೆಸರಾದ ಲಿಂಡಾ ರಿಚರ್ಡ್ಸ್ ಬಾಸ್ಟನ್ನಿನಲ್ಲಿ ಓದು ಮುಗಿಸಿದ್ದು 1873ರಲ್ಲಿ. ಅಂದಿನ ಶಾಲೆಗಳು ಆಸ್ಪತ್ರೆಯ ಅಂಗವೇ ಆಗಿದ್ದವು. ವಿದ್ಯಾರ್ಥಿನಿಯರು ದಿನವಿಡೀ ವಾರ್ಡಿನಲ್ಲಿ ದುಡಿಯುತ್ತಿದ್ದರು, ಪಾಠ ರಾತ್ರಿ ಬಿಡುವಾದಾಗ. ಒಳಗೆ ಬರಲು ಬೇಕಾಗಿದ್ದದ್ದು ಗಟ್ಟಿ ಮೈ, ಒಳ್ಳೆಯ ನಡತೆಯ ಪತ್ರ, ಓದು ಬರಹ. ವಿಜ್ಞಾನವನ್ನು ಮೊದಲೇ ಕಲಿತು ಬನ್ನಿ ಎಂದು ಯಾರೂ ಕೇಳುತ್ತಿರಲಿಲ್ಲ.

1903ರಲ್ಲಿ ನಾರ್ತ್ ಕೆರೊಲಿನಾ ನರ್ಸ್‌ಗಳ ನೋಂದಣಿಗೆ ಮೊದಲ ಕಾನೂನು ತಂದಿತು. 1923ರ ಗೋಲ್ಡ್‌ಮಾರ್ಕ್ ವರದಿ ಆಸ್ಪತ್ರೆಗಳು ವಿದ್ಯಾರ್ಥಿಗಳನ್ನು ಅಗ್ಗದ ಆಳುಗಳಂತೆ ಬಳಸುತ್ತಿರುವುದನ್ನು ಬಯಲಿಗೆಳೆದು, ನರ್ಸಿಂಗ್ ಓದು ವಿಶ್ವವಿದ್ಯಾಲಯದ ಮಟ್ಟಕ್ಕೆ ಏರಬೇಕೆಂದಿತು. ಅದೇ ವರ್ಷ ಯೇಲ್‌ನಲ್ಲಿ ನರ್ಸಿಂಗ್ ಶಾಲೆ ತೆರೆಯಿತು. 1948ರಲ್ಲಿ ಎಸ್ತರ್ ಲುಸಿಲ್ ಬ್ರೌನ್ ಬರೆದ ವರದಿ ಇದೇ ಮಾತನ್ನು ಇನ್ನೂ ಒತ್ತಿ ಹೇಳಿತು. ಓದು ಆಸ್ಪತ್ರೆಯಿಂದ ಕಾಲೇಜಿಗೆ ಹೋದಂತೆಲ್ಲ ಕಾಲೇಜಿನ ಪದ್ಧತಿಯೂ ಜೊತೆಗೆ ಬಂತು: ಮೊದಲು ಸಾಮಾನ್ಯ ವಿಜ್ಞಾನ, ಆಮೇಲೆ ವೃತ್ತಿಯ ಪಾಠ. ಜೀವಶಾಸ್ತ್ರ ವಿಭಾಗ ಒಂದು ಕಟ್ಟಡದಲ್ಲಿ, ನರ್ಸಿಂಗ್ ವಿಭಾಗ ಇನ್ನೊಂದರಲ್ಲಿ. ಇವೆರಡರ ನಡುವಿನ ಓಣಿಯಲ್ಲಿ ಹುಟ್ಟಿದ್ದೇ ಪೂರ್ವಭಾವಿ ಕೋರ್ಸು.

ವಯಸ್ಕರ ಮಟ್ಟಿಗೆ ದೊಡ್ಡ ತಿರುವು ಕೊಟ್ಟವರು ಮಿಲ್ಡ್ರೆಡ್ ಮೊಂಟಾಗ್. ಯುದ್ಧಾನಂತರದ ನರ್ಸ್ ಕೊರತೆಗೆ ಉತ್ತರವಾಗಿ, ಸಮುದಾಯ ಕಾಲೇಜುಗಳಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಸಾಕು ಎಂದು ಅವರು ವಾದಿಸಿದರು. 1952ರಲ್ಲಿ ಅದರ ಪ್ರಯೋಗ ಶುರುವಾಯಿತು. ಮನೆಗೆ ಹತ್ತಿರದ, ಶುಲ್ಕ ಕಡಿಮೆಯ, ಸಂಜೆಯೂ ತರಗತಿ ನಡೆಸುವ ಈ ಕಾಲೇಜುಗಳು ಮದುವೆಯಾದ ಹೆಂಗಸರಿಗೂ ಕೆಲಸದಲ್ಲಿದ್ದವರಿಗೂ ಬಾಗಿಲು ತೆರೆದವು. ಅದಕ್ಕೆ ಮೊದಲು ಅನೇಕ ಆಸ್ಪತ್ರೆ ಶಾಲೆಗಳು ಮದುವೆಯಾದವರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಆದರೆ 1965ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ಬೇರೆ ನಿಲುವು ತಳೆಯಿತು: ವೃತ್ತಿಪರ ನರ್ಸ್ ಆಗಲು ನಾಲ್ಕು ವರ್ಷದ ಪದವಿ ಬೇಕು. ಎರಡು ವರ್ಷ ಸಾಕೋ ನಾಲ್ಕು ಬೇಕೋ ಎಂಬ ಆ ಜಗಳ ಇನ್ನೂ ಬಗೆಹರಿದಿಲ್ಲ. ಎರಡು ವರ್ಷದ ಓದು ಹೆಸರಿಗಷ್ಟೇ ಎರಡು ವರ್ಷ; ಮುಂಚಿನ ಕೋರ್ಸುಗಳನ್ನೂ ಸೇರಿಸಿದರೆ ಅದು ಮೂರು ದಾಟುತ್ತದೆ ಎಂಬುದು ಈ ಜಗಳದಲ್ಲಿ ಬಹುಪಾಲು ಮರೆತುಹೋಗುವ ಸಂಗತಿ.

ಬೇರೆ ಪದವಿ ಮುಗಿಸಿ ಬಂದವರಿಗೆಂದೇ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 1971ರಲ್ಲಿ ತ್ವರಿತ ಪದವಿ ಆರಂಭಿಸಿತು. ಇಂದು ಅಂಥ ಕಾರ್ಯಕ್ರಮಗಳು ಸಾಮಾನ್ಯವಾಗಿ 11ರಿಂದ 18 ತಿಂಗಳಲ್ಲಿ ಮುಗಿಯುತ್ತವೆ. ಜಾಹೀರಾತಿನಲ್ಲಿ ಕಾಣುವುದು ಆ ತಿಂಗಳುಗಳು ಮಾತ್ರ. ಇತಿಹಾಸ, ವಾಣಿಜ್ಯ, ಎಂಜಿನಿಯರಿಂಗ್ ಓದಿದವರು ಅದಕ್ಕೆ ಅರ್ಜಿ ಹಾಕುವ ಮೊದಲು ಅಂಗರಚನೆಯಿಂದ ಸೂಕ್ಷ್ಮಜೀವಿಶಾಸ್ತ್ರದವರೆಗೆ ಎಲ್ಲವನ್ನೂ ಮುಗಿಸಿರಬೇಕು.

ಬುನಾದಿ ಎನ್ನುವವರ ವಾದ

ಮೊದಲ ಪಂಗಡದವರ ಮಾತು ನೇರವಾದದ್ದು: ದೇಹ ತಿಳಿಯದವರ ಕೈಗೆ ರೋಗಿಯನ್ನು ಕೊಡಬಾರದು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಹೃದಯ ಸೋತ ರೋಗಿಯ ಕಾಲು ಊದಿದೆ, ಉಸಿರು ಕಟ್ಟುತ್ತಿದೆ. ವೈದ್ಯರು ಫ್ಯೂರೋಸಮೈಡ್ ಬರೆದಿದ್ದಾರೆ. ಈ ಮಾತ್ರೆ ಮೂತ್ರಪಿಂಡದ ನೆಫ್ರಾನ್‌ನಲ್ಲಿ, ಹೆನ್ಲೆಯ ಕುಣಿಕೆಯ ದಪ್ಪನೆಯ ಏರುಭಾಗದಲ್ಲಿ, ಉಪ್ಪು ಮತ್ತೆ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಉಪ್ಪಿನ ಹಿಂದೆ ನೀರು ಹೋಗುತ್ತದೆ, ಊತ ಇಳಿಯುತ್ತದೆ. ಆದರೆ ಜೊತೆಯಲ್ಲೇ ಪೊಟ್ಯಾಸಿಯಂ ಕೂಡ ಹೊರಗೆ ಹೋಗುತ್ತದೆ. ಅದೇ ರೋಗಿ ಡಿಗಾಕ್ಸಿನ್ ಎಂಬ ಹೃದಯದ ಔಷಧವನ್ನೂ ನುಂಗುತ್ತಿದ್ದರೆ, ಪೊಟ್ಯಾಸಿಯಂ ಇಳಿದಾಗ ಆ ಔಷಧ ವಿಷವಾಗಿ ಹೃದಯದ ಲಯ ತಪ್ಪಬಹುದು. ಬೆಳಗಿನ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕಡಿಮೆ ಬಂದಿರುವುದನ್ನು ನೋಡಿ, ಮಾತ್ರೆ ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡಬೇಕಾದವರು ನರ್ಸ್. ನೆಫ್ರಾನ್ ಓದದವರು ಇದನ್ನೊಂದು ನಿಯಮವೆಂದು ಬಾಯಿಪಾಠ ಮಾಡಬಹುದು. ಆದರೆ ಪುಸ್ತಕದಲ್ಲಿ ಬರೆಯದ ಮೂರನೆಯ ಔಷಧ ಸೇರಿಕೊಂಡ ದಿನ ಬಾಯಿಪಾಠ ಕೈಕೊಡುತ್ತದೆ.

ಸೂಕ್ಷ್ಮಜೀವಿಶಾಸ್ತ್ರದ ಪ್ರಯೋಗಾಲಯದಲ್ಲೂ ಇಂಥದ್ದೇ ಪಾಠವಿದೆ. ಗ್ರಾಂ ಬಣ್ಣ ಹಾಕುವಾಗ ಗಾಜಿನ ಪಟ್ಟಿಯ ಮೇಲೆ ಮೊದಲು ಕ್ರಿಸ್ಟಲ್ ವಯಲೆಟ್, ಮೇಲೆ ಅಯೋಡಿನ್, ಆಮೇಲೆ ಆಲ್ಕೋಹಾಲ್ ತೊಳೆತ, ಕೊನೆಗೆ ಸ್ಯಾಫ್ರನಿನ್. ದಪ್ಪ ಗೋಡೆಯ ಬ್ಯಾಕ್ಟೀರಿಯಾ ನೇರಳೆಯಾಗಿ ಉಳಿಯುತ್ತದೆ, ಉಳಿದದ್ದು ಗುಲಾಬಿಯಾಗುತ್ತದೆ. ಆಲ್ಕೋಹಾಲನ್ನು ಕೆಲವು ಸೆಕೆಂಡು ಹೆಚ್ಚು ಬಿಟ್ಟರೆ ನೇರಳೆಯಾಗಬೇಕಾದದ್ದೂ ಗುಲಾಬಿಯಾಗಿ ಉತ್ತರ ತಲೆಕೆಳಗಾಗುತ್ತದೆ. ಕೈಯ ಅಚ್ಚುಕಟ್ಟು ತಪ್ಪಿದರೆ ಫಲಿತಾಂಶವೇ ಸುಳ್ಳು ಹೇಳುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಾಣುವಷ್ಟು ಬೇರೆಲ್ಲೂ ಕಾಣದು.

ಇವರ ಇನ್ನೊಂದು ಆಧಾರ ಲೈಸೆನ್ಸ್ ಪರೀಕ್ಷೆ. ಎನ್‌ಸಿಎಲ್‌ಇಎಕ್ಸ್ ಎಂಬ ಆ ಪರೀಕ್ಷೆ 1994ರಿಂದ ಕಂಪ್ಯೂಟರಿನಲ್ಲಿ, ಉತ್ತರಕ್ಕೆ ತಕ್ಕಂತೆ ಮುಂದಿನ ಪ್ರಶ್ನೆ ಬದಲಾಗುವ ರೀತಿಯಲ್ಲಿ ನಡೆಯುತ್ತಿದೆ. 2023ರ ಏಪ್ರಿಲ್‌ನಿಂದ ರೋಗಿಯ ಸ್ಥಿತಿಯನ್ನು ಹಂತ ಹಂತವಾಗಿ ತೂಗಿ ತೀರ್ಮಾನಿಸುವ ಹೊಸ ಬಗೆಯ ಪ್ರಶ್ನೆಗಳು ಬಂದಿವೆ. ವಿಜ್ಞಾನದ ಪೂರ್ವಭಾವಿ ಕೋರ್ಸುಗಳಲ್ಲಿ ಒಳ್ಳೆಯ ಅಂಕ ಪಡೆದವರು ನರ್ಸಿಂಗ್ ಓದನ್ನೂ ಈ ಪರೀಕ್ಷೆಯನ್ನೂ ದಾಟುವ ಸಾಧ್ಯತೆ ಹೆಚ್ಚು ಎಂದು ಹಲವು ಶಾಲೆಗಳ ಅಧ್ಯಯನಗಳು ತೋರಿಸಿವೆ.

ಆದರೆ ಇಲ್ಲೊಂದು ತೊಡಕಿದೆ. ಇಂಥ ಅಧ್ಯಯನಗಳು ಅಳೆಯುವುದು ಸೀಟು ಸಿಕ್ಕವರನ್ನು ಮಾತ್ರ. ಕಡಿಮೆ ಅಂಕದ ಕಾರಣಕ್ಕೆ ಹೊರಗುಳಿದವರು ಒಳಗೆ ಬಂದಿದ್ದರೆ ಹೇಗೆ ಓದುತ್ತಿದ್ದರು ಎಂಬುದು ಆ ಲೆಕ್ಕಕ್ಕೆ ಸಿಗುವುದೇ ಇಲ್ಲ. ಬುನಾದಿ ಬೇಕು ಎಂಬುದು ಇದರಿಂದ ಸಿದ್ಧವಾಗಬಹುದು. ಬಿ ಅಂಕದವರಿಗಿಂತ ಎ ಅಂಕದವರೇ ಒಳ್ಳೆಯ ನರ್ಸ್ ಆಗುತ್ತಾರೆ ಎಂಬುದು ಸಿದ್ಧವಾಗುವುದಿಲ್ಲ.

ಜರಡಿ ಎನ್ನುವವರ ವಾದ

ಎರಡನೆಯ ಪಂಗಡದವರು ಹೇಳುವುದು: ಕಲಿಸುವುದು ಇವುಗಳ ಘೋಷಿತ ಕೆಲಸ, ಜನರನ್ನು ಕಡಿಮೆ ಮಾಡುವುದು ನಿಜವಾದ ಕೆಲಸ. ಇದಕ್ಕೆ ಅವರ ಬಳಿ ಅಂಕಿ ಇದೆ. ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘದ ಲೆಕ್ಕದಂತೆ, 2023ರಲ್ಲಿ ಪದವಿ ಮತ್ತು ಸ್ನಾತಕೋತ್ತರ ಕಾರ್ಯಕ್ರಮಗಳು ಅರ್ಹತೆ ಇದ್ದ 65,766 ಅರ್ಜಿಗಳನ್ನು ತಿರಸ್ಕರಿಸಿದವು. ಅನರ್ಹರ ಅರ್ಜಿ ಇದರಲ್ಲಿಲ್ಲ. ಒಬ್ಬರೇ ನಾಲ್ಕೈದು ಕಡೆ ಅರ್ಜಿ ಹಾಕುವುದರಿಂದ ಅಷ್ಟೂ ಬೇರೆ ಬೇರೆ ಜನ ಎನ್ನಲಾಗದು, ನಿಜ. ಆದರೂ ಕಾರಣಗಳು ಸ್ಪಷ್ಟ: ಪಾಠ ಹೇಳುವವರ ಕೊರತೆ, ಆಸ್ಪತ್ರೆಗಳಲ್ಲಿ ತರಬೇತಿಯ ಜಾಗದ ಕೊರತೆ, ಹಣದ ಕೊರತೆ. ವಾರ್ಡಿನಲ್ಲಿ ದುಡಿಯುವ ಅನುಭವಿ ನರ್ಸ್‌ಗೆ ಪಾಠ ಹೇಳಲು ಹೋದರೆ ಬಹುಪಾಲು ಕಡೆ ಸಂಬಳ ಇಳಿಯುತ್ತದೆ. ಹಾಗಿರುವಾಗ ಬೋಧಕರು ಎಲ್ಲಿಂದ ಬರಬೇಕು?

ಸೀಟು ಕಡಿಮೆ, ಅರ್ಜಿ ಹೆಚ್ಚು ಎಂದಾಗ ಯಾವುದಾದರೂ ಅಳತೆಗೋಲು ಬೇಕು. ನಾಲ್ಕರ ಅಳತೆಯಲ್ಲಿ ಕನಿಷ್ಠ ಸರಾಸರಿ 2.5 ಅಥವಾ 3.0 ಎಂದು ಪ್ರಕಟಣೆಯಲ್ಲಿದ್ದರೂ ಸೀಟು ಸಿಗುವವರ ಸರಾಸರಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಮೇಲೆ ಪ್ರವೇಶ ಪರೀಕ್ಷೆ: ಟೀಸ್ ಆದರೆ 209 ನಿಮಿಷದಲ್ಲಿ 170 ಪ್ರಶ್ನೆ, ಓದು, ಗಣಿತ, ವಿಜ್ಞಾನ, ಇಂಗ್ಲಿಷ್ ಎಲ್ಲವೂ. ಕೆಲವು ಶಾಲೆಗಳು ಅದರ ಬದಲು ಹೆಸಿ ಎಂಬ ಪರೀಕ್ಷೆ ಕೇಳುತ್ತವೆ. ಕೆಲವು ಸಮುದಾಯ ಕಾಲೇಜುಗಳು ಅರ್ಹರ ನಡುವೆ ಲಾಟರಿ ಎತ್ತುತ್ತವೆ, ಇನ್ನು ಕೆಲವು ಸರದಿ ಪಟ್ಟಿ ಇಡುತ್ತವೆ, ಉಳಿದವು ಅಂಕ, ಅನುಭವ, ಭಾಷಾಜ್ಞಾನ ಎಲ್ಲಕ್ಕೂ ಪಾಯಿಂಟು ಕೊಟ್ಟು ಕೂಡುತ್ತವೆ.

ವಯಸ್ಕರಿಗೆ ಈ ಜರಡಿ ಎಲ್ಲಿ ಕಚ್ಚುತ್ತದೆ ಎಂದು ತಿಳಿಯಲು ಒಂದು ಸರಳ ಲೆಕ್ಕ ಸಾಕು. ಇಪ್ಪತ್ತರ ಹರೆಯದಲ್ಲಿ ಮನಸ್ಸಿಲ್ಲದೆ ಓದಿ 120 ಕ್ರೆಡಿಟ್‌ಗೆ 2.4 ಸರಾಸರಿ ತಂದುಕೊಂಡವರೊಬ್ಬರು ಈಗ ನಲವತ್ತರಲ್ಲಿ 30 ಕ್ರೆಡಿಟ್ ಪೂರ್ವಭಾವಿ ಕೋರ್ಸುಗಳನ್ನು ತೆಗೆದುಕೊಂಡು ಎಲ್ಲದರಲ್ಲೂ 4.0 ಪಡೆದರು ಎನ್ನೋಣ. ಒಟ್ಟು ಸರಾಸರಿ ಏರುವುದು 2.72ಕ್ಕೆ ಮಾತ್ರ. 3.0 ಕೇಳುವ ಶಾಲೆಯ ಬಾಗಿಲು ಇನ್ನೂ ಮುಚ್ಚಿಯೇ ಇದೆ. ಹಳೆಯ ಅಂಕ ಬಿಟ್ಟು ಕೊನೆಯ 60 ಕ್ರೆಡಿಟ್ ಅಥವಾ ವಿಜ್ಞಾನದ ಕೋರ್ಸುಗಳನ್ನಷ್ಟೇ ನೋಡುವ ಶಾಲೆಗಳೂ ಇವೆ. ಹೀಗಾಗಿ ಅದೇ ವ್ಯಕ್ತಿ ಒಂದು ಊರಿನಲ್ಲಿ ಅನರ್ಹ, ಪಕ್ಕದ ಊರಿನಲ್ಲಿ ಮುಂಚೂಣಿಯ ಅಭ್ಯರ್ಥಿ.

ಇನ್ನೊಂದು ಕಟ್ಟಳೆ ಅವಧಿಯದ್ದು. ವಿಜ್ಞಾನದ ಕೋರ್ಸು ಐದು ಅಥವಾ ಏಳು ವರ್ಷ ಹಳೆಯದಾದರೆ ಅನೇಕ ಶಾಲೆಗಳು ಅದನ್ನು ಒಪ್ಪುವುದಿಲ್ಲ, ಮತ್ತೆ ಓದಿ ಬನ್ನಿ ಎನ್ನುತ್ತವೆ. ಕೆಲವು ಕಡೆ ಹತ್ತು ವರ್ಷ, ಕೆಲವು ಕಡೆ ಅವಧಿಯೇ ಇಲ್ಲ. ನಡುವೆ ಮಗು ಹುಟ್ಟಿದ್ದಕ್ಕೋ ಅಪ್ಪನ ಕಾಯಿಲೆಗೋ ಓದು ನಿಲ್ಲಿಸಿದವರಿಗೆ, ಮುಗಿಸಿದ ಕೋರ್ಸು ಕೈಯಲ್ಲೇ ಹಳಸಿಹೋಗುತ್ತದೆ. ಅಂಗರಚನೆ ಮರೆತುಹೋಗುತ್ತದೆ ಎಂಬ ಕಾಳಜಿ ಸರಿಯೇ. ಆದರೆ ಮರೆತಿದೆಯೇ ಇಲ್ಲವೇ ಎಂದು ಒಂದು ಪರೀಕ್ಷೆ ಇಟ್ಟು ನೋಡುವ ಬದಲು ಕ್ಯಾಲೆಂಡರ್ ನೋಡಿ ತೀರ್ಮಾನಿಸುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಅಂಗರಚನೆ ಓದಿ ಇಂದೂ ವಾರ್ಡಿನಲ್ಲಿರುವ ನರ್ಸ್‌ಗೆ ಯಾರೂ ಮತ್ತೆ ಆ ಕೋರ್ಸು ಓದಿ ಎನ್ನುವುದಿಲ್ಲವಲ್ಲ.

ವಯಸ್ಕರ ಕಲಿಕೆಯೇ ಬೇರೆ ಎನ್ನುವವರು

ಮೂರನೆಯ ಪಂಗಡ ಶಿಕ್ಷಣಶಾಸ್ತ್ರದ ಕಡೆಯಿಂದ ಬಂದದ್ದು. ಮಾಲ್ಕಮ್ ನೋಲ್ಸ್ 1970ರ ಸುಮಾರಿಗೆ ವಯಸ್ಕರ ಕಲಿಕೆಯ ಬಗ್ಗೆ ಬರೆದದ್ದು ಇವರಿಗೆ ಮೂಲ. ವಯಸ್ಕರು ತಮ್ಮ ಓದಿನ ದಿಕ್ಕನ್ನು ತಾವೇ ನಿರ್ಧರಿಸಬಯಸುತ್ತಾರೆ, ಅವರ ಅನುಭವವೇ ಕಲಿಕೆಯ ಬಂಡವಾಳ, ಕಲಿತದ್ದು ಎಲ್ಲಿ ಬಳಕೆಗೆ ಬರುತ್ತದೆ ಎಂದು ಗೊತ್ತಿದ್ದರೆ ಮನಸ್ಸು ನಿಲ್ಲುತ್ತದೆ ಎಂಬುದು ನೋಲ್ಸ್ ಅವರ ಸಾರ.

ಹಾಗಿದ್ದರೆ ಆಂಬುಲೆನ್ಸಿನಲ್ಲಿ ಹತ್ತು ವರ್ಷ ದುಡಿದವರಿಗೂ, ವೃದ್ಧಾಶ್ರಮದಲ್ಲಿ ಸಹಾಯಕಿಯಾಗಿದ್ದವರಿಗೂ ರೋಗಿಯನ್ನೇ ಕಾಣದ ಹುಡುಗರ ಜೊತೆ ಅದೇ ಪಾಠವನ್ನು ಮೊದಲಿನಿಂದ ಏಕೆ ಹೇಳಬೇಕು ಎಂಬುದು ಇವರ ಪ್ರಶ್ನೆ. ಅನುಭವಕ್ಕೆ ಕ್ರೆಡಿಟ್ ಕೊಡಿ, ಪರೀಕ್ಷೆ ಬರೆದು ಕೋರ್ಸು ದಾಟುವ ಅವಕಾಶ ಕೊಡಿ ಎನ್ನುತ್ತಾರೆ. ಕಾಲೇಜ್ ಬೋರ್ಡಿನ ಕ್ಲೆಪ್ ಪರೀಕ್ಷೆ ಬರೆದು ಮನಶ್ಶಾಸ್ತ್ರ, ಸಮಾಜಶಾಸ್ತ್ರದಂಥ ಕೋರ್ಸುಗಳನ್ನು ಅನೇಕ ಕಡೆ ದಾಟಬಹುದು. ಅಂಗರಚನೆ ಮತ್ತು ಸೂಕ್ಷ್ಮಜೀವಿಶಾಸ್ತ್ರಕ್ಕೆ ಮಾತ್ರ ಆ ದಾರಿ ಇಲ್ಲ. ವಯಸ್ಕರ ಸಮಯವನ್ನು ಹೆಚ್ಚು ನುಂಗುವುದೂ ಅವೇ.

ಇವರ ಮಾತಿನಲ್ಲಿ ಒಂದು ಭಾಗ ನನಗೆ ಪೂರ್ತಿ ಒಪ್ಪಿಗೆ, ಇನ್ನೊಂದಕ್ಕೆ ಅನುಮಾನ. ರೋಗಿಯ ಹತ್ತಿರ ಕೂತು ಮಾತಾಡಿಸುವುದು, ಒಂದೇ ಹೊತ್ತಿಗೆ ನಾಲ್ಕು ಕೆಲಸ ತೂಗಿಸುವುದು, ಸಿಟ್ಟಾದ ಸಂಬಂಧಿಕರನ್ನು ಸಮಾಧಾನ ಮಾಡುವುದು ಇವನ್ನೆಲ್ಲ ಬದುಕು ಕಲಿಸಿರುತ್ತದೆ. ಹನ್ನೆರಡು ಕಪಾಲ ನರಗಳನ್ನು ಕಲಿಸಿರುವುದಿಲ್ಲ.

ಬೇರೆ ದೇಶಗಳು ಹೇಗೆ ಮಾಡುತ್ತವೆ

ಪೂರ್ವಭಾವಿ ಕೋರ್ಸು ಎಂಬ ಪ್ರತ್ಯೇಕ ಸುತ್ತು ಇಲ್ಲದೆಯೂ ನರ್ಸ್‌ಗಳನ್ನು ತಯಾರಿಸಬಹುದು ಎನ್ನುವುದಕ್ಕೆ ಇಂಗ್ಲೆಂಡ್, ಆಸ್ಟ್ರೇಲಿಯಾ ಸಾಕ್ಷಿ. ಅಲ್ಲಿ ಅಂಗರಚನೆ ಮೂರು ವರ್ಷದ ನರ್ಸಿಂಗ್ ಪದವಿಯ ಒಳಗೇ ಬರುತ್ತದೆ. ಶಾಲೆ ಬಿಟ್ಟು ಬಹಳ ಕಾಲವಾದ ವಯಸ್ಕರಿಗೆಂದು ಇಂಗ್ಲೆಂಡಿನಲ್ಲಿ ಆಕ್ಸೆಸ್ ಎಂಬ ಡಿಪ್ಲೊಮಾ ಇದೆ. ಅದನ್ನು ಮುಗಿಸಿದರೆ ಪದವಿಗೆ ಅರ್ಜಿ ಹಾಕಬಹುದು.

ನಮ್ಮ ಕರ್ನಾಟಕದಲ್ಲಿಯೂ ಅಂಗರಚನೆ ಬಿ.ಎಸ್ಸಿ ನರ್ಸಿಂಗ್‌ನ ಒಳಗೇ ಇದೆ. ಆದರೆ ಬಾಗಿಲಲ್ಲಿ ಪಿಯುಸಿ ನಿಂತಿದೆ. ಭೌತ, ರಸಾಯನ, ಜೀವಶಾಸ್ತ್ರ ಓದದೆ ವಾಣಿಜ್ಯ ತೆಗೆದುಕೊಂಡವರು ಹದಿನಾರನೆಯ ವಯಸ್ಸಿನಲ್ಲೇ ಆ ದಾರಿಯಿಂದ ಹೊರಗೆ. ಮೂವತ್ತೆಂಟರಲ್ಲಿ ಬ್ಯಾಂಕಿನ ಕೆಲಸ ಬಿಟ್ಟು ನರ್ಸ್ ಆಗುತ್ತೇನೆ ಎಂದರೆ ಕೇಳಿದವರು ಬೆಚ್ಚಿಬೀಳುತ್ತಾರೆ. ಅಮೆರಿಕದ ಪೂರ್ವಭಾವಿ ಕೋರ್ಸು ಎಷ್ಟೇ ಕಾಡಿದರೂ, ಯಾವ ವಯಸ್ಸಿನಲ್ಲೂ ಹೋಗಿ ಜೀವಶಾಸ್ತ್ರ ಓದಿ ಬಾ, ಬಾಗಿಲು ತಟ್ಟು ಎನ್ನುವ ಉದಾರತೆ ಅದರಲ್ಲಿದೆ. ಆ ಗುಣವನ್ನು ಗಮನಿಸದೆ ಅದನ್ನು ಬರೀ ಅಡ್ಡಿ ಎಂದು ತೀರ್ಮಾನಿಸುವುದು ಆತುರವಾದೀತು.

ನಿಧಾನವೋ, ಅವಸರವೋ

ನಿಭಾಯಿಸುವ ದಾರಿಯ ಬಗ್ಗೆಯೂ ಒಮ್ಮತವಿಲ್ಲ. ಒಂದು ಸೆಮಿಸ್ಟರಿಗೆ ಒಂದೇ ವಿಜ್ಞಾನ ಎನ್ನುವವರು ಒಂದು ಕಡೆ, ಎಂಟು ವಾರದ ತ್ವರಿತ ತರಗತಿಗಳಲ್ಲಿ ಒಂದು ವರ್ಷದೊಳಗೆ ಎಲ್ಲ ಮುಗಿಸಿ ಎನ್ನುವವರು ಇನ್ನೊಂದು ಕಡೆ.

ಲೆಕ್ಕ ಹಾಕಿ ನೋಡೋಣ. ಅಂಗರಚನೆಯ ನಾಲ್ಕು ಕ್ರೆಡಿಟ್ ಕೋರ್ಸಿಗೆ ಹದಿನಾರು ವಾರದ ಸೆಮಿಸ್ಟರಿನಲ್ಲಿ ವಾರಕ್ಕೆ ಸುಮಾರು ಮೂರು ಗಂಟೆ ಪಾಠ, ಮೂರು ಗಂಟೆ ಪ್ರಯೋಗಾಲಯ, ಮನೆಯಲ್ಲಿ ಕನಿಷ್ಠ ಆರು ಗಂಟೆ ಓದು. ಅದೇ ಎಂಟು ವಾರಕ್ಕೆ ಇಳಿದರೆ ವಾರಕ್ಕೆ ಇಪ್ಪತ್ತನಾಲ್ಕು ಗಂಟೆ. ನಲವತ್ತು ಗಂಟೆಯ ಕೆಲಸದ ಜೊತೆ ಇದನ್ನು ಹೊತ್ತವರ ನಿದ್ದೆ ಎಲ್ಲಿಂದ ಕಳೆಯುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಜೊತೆಗೆ ಸರಪಳಿಯೂ ಇದೆ: ಮೂಲ ಜೀವಶಾಸ್ತ್ರ ಇಲ್ಲವೇ ರಸಾಯನಶಾಸ್ತ್ರ ಆದ ಮೇಲೆ ಅಂಗರಚನೆಯ ಮೊದಲ ಭಾಗ, ಅದು ಮುಗಿದರೆ ಎರಡನೆಯದು, ಹಲವು ಕಡೆ ಆಮೇಲೆಯೇ ಸೂಕ್ಷ್ಮಜೀವಿಶಾಸ್ತ್ರ. ಒಂದು ಕೊಂಡಿ ತಪ್ಪಿದರೆ ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಬರುವ ಅರ್ಜಿಯ ಗಡುವು ಕೈತಪ್ಪುತ್ತದೆ.

ಈ ಓದಿನ ಅತಿ ಕಠಿಣ ಗಳಿಗೆ ಪ್ರಯೋಗಾಲಯದ ಪರೀಕ್ಷೆ. ಮೇಜುಗಳ ಮೇಲೆ ತಲೆಬುರುಡೆ, ಕುರಿಯ ಹೃದಯ, ಸೀಳಿದ ಬೆಕ್ಕು, ಸ್ನಾಯುಗಳ ಮಾದರಿ. ಪ್ರತಿಯೊಂದರ ಮೇಲೂ ಸಂಖ್ಯೆ ಬರೆದ ಗುಂಡುಸೂಜಿ. ಒಂದು ಮೇಜಿನ ಮುಂದೆ ಒಂದು ನಿಮಿಷದಷ್ಟು ಹೊತ್ತು, ಗಂಟೆ ಬಾರಿಸಿದೊಡನೆ ಮುಂದಿನ ಮೇಜು. ಹೆಸರು ಗೊತ್ತಿದ್ದು ಕಾಗುಣಿತ ತಪ್ಪಿದರೂ ಅಂಕ ಹೋಗುತ್ತದೆ. ಮಾಂಸಾಹಾರದ ವಾಸನೆಯೇ ಸೇರದ ಮನೆಗಳಿಂದ ಬಂದ ನಮ್ಮ ಹೆಣ್ಣುಮಕ್ಕಳು ಮೊದಲ ದಿನ ಕೈಗವಸು ಹಾಕಿಕೊಂಡು ಆ ಬೆಕ್ಕಿನ ಮುಂದೆ ನಿಲ್ಲುವುದು ಸಣ್ಣ ಧೈರ್ಯವಲ್ಲ.

ಹೇಗೆ ಓದಬೇಕು ಎಂಬಲ್ಲಿ ಮಾತ್ರ ಸಂಶೋಧನೆ ಸಾಕಷ್ಟು ಗಟ್ಟಿಯಾಗಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ತೋರಿಸಿದ್ದು, ಪಾಠವನ್ನು ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ತೆಗೆಯುವ ಅಭ್ಯಾಸ ದಿನಗಳ ನಂತರವೂ ನಿಲ್ಲುತ್ತದೆ ಎಂದು. 2013ರಲ್ಲಿ ಡನ್ಲೋಸ್ಕಿ ಮತ್ತು ಸಂಗಡಿಗರು ಹತ್ತು ಕಲಿಕಾ ವಿಧಾನಗಳನ್ನು ತೂಗಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ದಿನಗಳಲ್ಲಿ ಹಂಚುವುದು ಇವೆರಡಕ್ಕೇ ಅತಿ ಹೆಚ್ಚು ಮಾನ್ಯತೆ ಕೊಟ್ಟರು. ಸಾಲುಗಳ ಕೆಳಗೆ ಗೆರೆ ಎಳೆಯುವುದು ಕೆಳಗಿನ ಸಾಲಿಗೆ ಬಿತ್ತು. ವಯಸ್ಕರಿಗೆ ಇದು ಒಳ್ಳೆಯ ಸುದ್ದಿ: ಊಟದ ವಿರಾಮದಲ್ಲಿ ಹದಿನೈದು ನಿಮಿಷ, ಮಗುವಿನ ಈಜು ತರಗತಿಯ ಹೊರಗೆ ಕೂತು ಇಪ್ಪತ್ತು ನಿಮಿಷ ಪ್ರಶ್ನೋತ್ತರದ ಚೀಟಿಗಳನ್ನು ತಿರುವಿದರೂ ಅದು ಚೂರುಪಾರು ಓದಾಗುವುದಿಲ್ಲ. ಓದನ್ನು ಹಂಚಿಕೊಳ್ಳುವುದು ಅವರ ಬದುಕಿಗೆ ಹೇಗೂ ಅನಿವಾರ್ಯ. ಎಂಟು ವಾರದ ಕೋರ್ಸು ಕಸಿದುಕೊಳ್ಳುವುದು ಇದನ್ನೇ. ಹಾಗಾಗಿ ಅಂಗರಚನೆಯ ಎರಡು ಭಾಗಗಳನ್ನಾದರೂ ಪೂರ್ಣ ಸೆಮಿಸ್ಟರಿನಲ್ಲಿ, ಜೊತೆಗೆ ಬೇರೆ ವಿಜ್ಞಾನ ಇಟ್ಟುಕೊಳ್ಳದೆ ಓದುವುದೇ ಮೇಲು ಎಂಬ ಪಕ್ಷಕ್ಕೆ ನನ್ನ ಒಲವು. ಸಮಾಜಶಾಸ್ತ್ರ, ಬೆಳವಣಿಗೆಯ ಮನಶ್ಶಾಸ್ತ್ರದಂಥವನ್ನು ಬೇಸಿಗೆಯ ಚಿಕ್ಕ ಅವಧಿಗೆ ತಳ್ಳಬಹುದು. ಮತ್ತೆ ಓದಲು ಒಂದೇ ಅವಕಾಶ ಕೊಡುವ ಶಾಲೆಗಳೂ, ನಡುವೆ ಬಿಟ್ಟುಹೋದದ್ದನ್ನೂ ಒಂದು ಪ್ರಯತ್ನವೆಂದು ಎಣಿಸುವ ಶಾಲೆಗಳೂ ಇರುವಾಗ ಅವಸರದ ಬೆಲೆ ಬಹಳ ದುಬಾರಿ.

ಹಣ ಮತ್ತು ವೀಸಾ

ಸಮುದಾಯ ಕಾಲೇಜಿನಲ್ಲಿ ಓದುವುದೋ ವಿಶ್ವವಿದ್ಯಾಲಯದಲ್ಲೋ ಎಂಬ ವಾದವನ್ನು ಬಹುಮಟ್ಟಿಗೆ ಶುಲ್ಕವೇ ತೀರ್ಮಾನಿಸುತ್ತದೆ. ಮೊದಲ ಪದವಿ ಮುಗಿಸಿದವರಿಗೆ ಸರ್ಕಾರದ ಪೆಲ್ ಸಹಾಯಧನ ಸಿಗುವುದಿಲ್ಲ. ಪೂರ್ವಭಾವಿ ಕೋರ್ಸುಗಳಿಗಷ್ಟೇ ಸರ್ಕಾರಿ ಸಾಲ ಬೇಕೆಂದರೆ ಸತತ ಹನ್ನೆರಡು ತಿಂಗಳ ಒಂದು ಅವಧಿಗೆ ಮಾತ್ರ, ಅದೂ ಕನಿಷ್ಠ ಅರ್ಧಕಾಲದ ವಿದ್ಯಾರ್ಥಿಯಾಗಿದ್ದರೆ. ಒಂದೊಂದೇ ಕೋರ್ಸು ನಿಧಾನವಾಗಿ ಓದುವವರು ಆ ಮಿತಿಗೆ ಬರುವುದೇ ಇಲ್ಲ. ಒಳ್ಳೆಯ ಕಲಿಕೆಗೆ ನಿಧಾನ ಬೇಕು, ಸಾಲಕ್ಕೆ ಅವಸರ ಬೇಕು.

ಅಲ್ಲಿರುವ ಕನ್ನಡಿಗರಿಗೆ ಇನ್ನೊಂದು ಪದರ ಸೇರುತ್ತದೆ. ಗಂಡನ ಎಚ್-1ಬಿ ಕೆಲಸದ ಜೊತೆ ಎಚ್-4 ವೀಸಾದಲ್ಲಿ ಹೋದ ಹೆಂಡತಿ ಓದಬಹುದು. ಆದರೆ 2015ರ ನಿಯಮದಂತೆ ಗ್ರೀನ್ ಕಾರ್ಡಿನ ಹಾದಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಮಾತ್ರ ಕೆಲಸದ ಅನುಮತಿ. ಅದಿಲ್ಲದವರು ನರ್ಸಿಂಗ್ ಸಹಾಯಕಿಯ ಕೆಲಸ ಮಾಡಿ ಅರ್ಜಿಗೆ ಅನುಭವದ ಪಾಯಿಂಟು ಸೇರಿಸಿಕೊಳ್ಳುವಂತಿಲ್ಲ, ಸರ್ಕಾರಿ ಸಾಲವೂ ಇಲ್ಲ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಬಿ.ಇ. ಮಾಡಿದವರ ಅಂಕಪಟ್ಟಿಯನ್ನು ಮೌಲ್ಯಮಾಪನ ಸಂಸ್ಥೆಗೆ ಕಳಿಸಿದರೆ ಗಣಿತ, ರಸಾಯನ ಲೆಕ್ಕಕ್ಕೆ ಬರಬಹುದು. ಪಿಯುಸಿಯ ಜೀವಶಾಸ್ತ್ರ ಬರುವುದಿಲ್ಲ. ಅಂಗರಚನೆಯನ್ನು ಅಮೆರಿಕದಲ್ಲೇ ಓದಿರಬೇಕೆಂಬ ಶಾಲೆಗಳೂ ಉಂಟು.

1965ರ ಆ ಹಳೆಯ ಜಗಳ ಇಲ್ಲಿ ಬಂದು ತಾಗುತ್ತದೆ. ಎರಡು ವರ್ಷದ ಪದವಿಯಿಂದಲೂ ನರ್ಸ್ ಆಗಬಹುದಾದ್ದರಿಂದ, ಸಾಮಾನ್ಯ ನರ್ಸ್ ಹುದ್ದೆ ಎಚ್-1ಬಿ ಕೇಳುವ ವಿಶೇಷ ಪದವಿಯ ಹುದ್ದೆ ಎನಿಸುವುದು ಅಪರೂಪ. ಪದವಿ, ಲೈಸೆನ್ಸ್ ಎರಡೂ ಕೈಯಲ್ಲಿದ್ದು ಕೆಲಸದ ಅನುಮತಿಗಾಗಿ ಕಾಯಬೇಕಾದ ಸ್ಥಿತಿ ಬರಬಹುದು. ಪೂರ್ವಭಾವಿ ಕೋರ್ಸಿಗೆ ಹಣ ಕಟ್ಟುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಕಾಲೇಜಿನ ಸಲಹೆಗಾರರು ಇದನ್ನು ಹೇಳುತ್ತಾರೆಂದು ನಂಬಿ ಕೂರಬಾರದು. ವೀಸಾ ಅವರ ಕೆಲಸವಲ್ಲ.

ಇನ್ನೂ ತೀರದ ಪ್ರಶ್ನೆಗಳು

ಬುನಾದಿಯ ವಾದ, ಜರಡಿಯ ವಾದ ಎರಡೂ ಅರ್ಧರ್ಧ ಸರಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನಗೆ ಕಾಣುವ ತೊಂದರೆ ಇವೆರಡೂ ಒಂದೇ ಅಂಕಪಟ್ಟಿಯಲ್ಲಿ ಬೆರೆತಿರುವುದು. ನೆಫ್ರಾನ್ ತಿಳಿದಿರಬೇಕೆಂಬ ಕಾರಣಕ್ಕೆ ಇಟ್ಟ ಕೋರ್ಸನ್ನೇ ಸೀಟು ಸಾಲದ ಕಾರಣಕ್ಕೂ ಬಳಸಿದರೆ, ಕೊರತೆ ಶಾಲೆಯದ್ದಾದರೂ ಅಭ್ಯರ್ಥಿ ತಾನೇ ಸಾಲದವಳು ಎಂದುಕೊಂಡು ಮನೆಗೆ ಹೋಗುತ್ತಾಳೆ. ತಿಳಿವಳಿಕೆಯ ಮಟ್ಟ ಇಷ್ಟು ಎಂದು ನಿಗದಿ ಮಾಡಿ, ಅದನ್ನು ದಾಟಿದವರ ನಡುವೆ ಲಾಟರಿ ಎತ್ತುವ ಸಮುದಾಯ ಕಾಲೇಜುಗಳು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಆದರೆ ಲಾಟರಿಯಲ್ಲಿ ಮೂರು ಸಲ ಹೆಸರು ಬಾರದೆ, ಅಷ್ಟರಲ್ಲಿ ಕೋರ್ಸಿನ ಅವಧಿ ಮೀರಿದವರಿಗೆ ಏನು ಹೇಳುವುದು? ಇದಕ್ಕೆ ಯಾರ ಬಳಿಯೂ ಒಪ್ಪುವಂಥ ಉತ್ತರವಿಲ್ಲ.

ಐದು ವರ್ಷದ ಅವಧಿಗೂ ಏಳು ವರ್ಷದ ಅವಧಿಗೂ ನಡುವಿನ ಗೆರೆಯನ್ನು ಯಾವ ಆಧಾರದ ಮೇಲೆ ಎಳೆದದ್ದು ಎಂಬುದು ಚರ್ಚೆಗೇ ಬರುವುದಿಲ್ಲ. 2020ರ ನಂತರ ಅಡುಗೆಮನೆಯ ಮೇಜಿನ ಮೇಲೆ ಅಂಚೆಯಲ್ಲಿ ಬಂದ ಪೆಟ್ಟಿಗೆ ಬಿಚ್ಚಿ ಮಾಡುವ ಪ್ರಯೋಗಾಲಯ ಹೆಚ್ಚಿತು. ಕೆಲವು ಶಾಲೆ ಅದನ್ನು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಹಾಗೆ ಓದಿದವರ ಕೈ ಆಸ್ಪತ್ರೆಯಲ್ಲಿ ಹೇಗೆ ಪಳಗುತ್ತದೆ ಎಂಬುದರ ಬಗ್ಗೆ ಬೋಧಕರಲ್ಲೇ ಭಿನ್ನಾಭಿಪ್ರಾಯ. ಇಂಗ್ಲೆಂಡಿನಂತೆ ವಿಜ್ಞಾನವನ್ನು ನರ್ಸಿಂಗ್ ಪಠ್ಯದೊಳಗೇ ತಂದು, ಮೂತ್ರಪಿಂಡವನ್ನೂ ಫ್ಯೂರೋಸಮೈಡನ್ನೂ ಒಂದೇ ವಾರದಲ್ಲಿ ಕಲಿಸಬಹುದಲ್ಲ ಎಂಬ ಪ್ರಶ್ನೆ ಇನ್ನೂ ದೊಡ್ಡದು. ಹಾಗೆ ಮಾಡಿದರೆ ಅದನ್ನು ಕಲಿಸುವ ಬೋಧಕರು ಬೇಕು, ಈಗಲೇ ಇಲ್ಲದವರು ಅವರೇ. ಇಪ್ಪತ್ತು ವರ್ಷ ಹಳೆಯ ಅಂಕಪಟ್ಟಿಯನ್ನು ಎಷ್ಟರ ಮಟ್ಟಿಗೆ ತೂಗಬೇಕು, ನಲವತ್ತರ ಅಭ್ಯರ್ಥಿಯ ಎ ಅಂಕವನ್ನು ಹತ್ತೊಂಬತ್ತರವರ ಎ ಅಂಕದ ಪಕ್ಕದಲ್ಲಿ ಹೇಗೆ ಇಡಬೇಕು ಎಂಬುದನ್ನು ಒಂದೊಂದು ಪ್ರವೇಶ ಸಮಿತಿ ಒಂದೊಂದು ರೀತಿ ತೀರ್ಮಾನಿಸುತ್ತಿದೆ. ಆ ತೀರ್ಮಾನದ ಸೂತ್ರವನ್ನು ಅರ್ಜಿ ಹಾಕುವ ಮೊದಲೇ ಎಲ್ಲರಿಗೂ ಕಾಣುವಂತೆ ಪ್ರಕಟಿಸುವ ಶಾಲೆಗಳೂ ಇವೆ, ಪ್ರಕಟಿಸದವೂ ಇವೆ.